ಹೇಮಳ ರಸ್ತೆ, ನನ್ನ ಹೆಸರು

ಹೇಮಾ, ಆ ಯೂನಿಟ್ಟುಗಳು ನಿನ್ನವು. ನನ್ನ ಹೆಸರಿನಲ್ಲಿವೆ, ನನ್ನ ಖಾತೆಯಲ್ಲಿವೆ, ಅವುಗಳ ಮೇಲಿನ ತೆರಿಗೆಯನ್ನು ವರ್ಷ ವರ್ಷವೂ ನಾನೇ ಕಟ್ಟಿದ್ದೇನೆ — ಆದರೂ ಅವು ನಿನ್ನವು. ನಿನ್ನ ದುಡಿಮೆಯ ಹಣದಲ್ಲಿ ಕೊಂಡವು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಫೋನಿನ ಆ ಕಡೆ ನೀನು ಕೇಳಿಸಿಕೊಳ್ಳುತ್ತಿದ್ದೀಯ ಎಂದು ತಿಳಿದೂ, "ಅವಳದು ಅಂತ ಇಲ್ಲಿ ಏನೂ ಇಲ್ಲ" ಎಂದುಬಿಟ್ಟೆ.

ಇದನ್ನು ನಿನಗೊಬ್ಬಳಿಗೇ ಹೇಳಿ ಮುಗಿಸಬಹುದಿತ್ತು. ಆದರೆ ನಿನ್ನ ಹೆಸರು ಕೆಟ್ಟದ್ದು ನಾಲ್ಕು ಜನರ ನಡುವೆ. ಕೆಡಿಸಿದವಳು ನಾನು. ಒಳಗೆ ಕರೆದು ಕಿವಿಯಲ್ಲಿ ತಪ್ಪೊಪ್ಪಿಕೊಂಡು, ಹೊರಗೆ ಬಂದು ದೊಡ್ಡ ಮನುಷ್ಯಳಾಗಿ ಓಡಾಡುವುದು ನನಗೆ ಬಹಳ ಚೆನ್ನಾಗಿ ಬರುವ ವಿದ್ಯೆ. ಇಷ್ಟು ವರ್ಷ ಒಳಗೊಂದು ಹೊರಗೊಂದಾಗಿಯೇ ಇದ್ದದ್ದು. ಆದ್ದರಿಂದ ಈ ಸಲ ಎಲ್ಲರ ಕಣ್ಣಿಗೆ ಬೀಳುವ ಕಡೆ ಬರೆಯುತ್ತಿದ್ದೇನೆ.

ಓದುವವರಿಗೆ ತಿಳಿಯಲಿ — ಹೇಮಾ ನನ್ನ ಗಂಡನ ತಂಗಿ, ನನ್ನ ನಾದಿನಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವಳಿನ್ನೂ ನರ್ಸಿಂಗ್ ಓದುತ್ತಿದ್ದಳು. ಆಮೇಲೆ ಕೆಲಸ ಹಿಡಿದು ಅಡಿಲೇಡಿಗೆ ಹೋದಳು, ಅಲ್ಲೇ ಮದುವೆಯಾದಳು, ಅಲ್ಲಿಯ ಪೌರತ್ವ ತೆಗೆದುಕೊಂಡಳು. ಕಾಗದದ ಮೇಲೆ ಆಸ್ಟ್ರೇಲಿಯಾದವಳು. ಆದರೂ ಪ್ರತಿವರ್ಷ ಗೌರಿ ಹಬ್ಬಕ್ಕೆ ಶಂಕರಪುರದ ಈ ಮನೆಗೆ ಬರುತ್ತಿದ್ದಳು, ಬರಲಾಗದ ವರ್ಷ ಅಲ್ಲಿಂದಲೇ ಅಣ್ಣನ ಹತ್ತಿರ ಜಗಳ ಆಡುತ್ತಿದ್ದಳು. ನಾನು ಆಡಿಟರ್. ಮನೆಯ ಮುಂದಿನ ಕೋಣೆಯೇ ನನ್ನ ಆಫೀಸು. ಸುತ್ತಮುತ್ತ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ನಾನು ಆಡಿಟರಮ್ಮ. ಆ ಅಮ್ಮನ ಜಂಭಕ್ಕೇ ಈ ಕಥೆಯೆಲ್ಲ ನಡೆದದ್ದು.

ನಿನಗೆ ನೆನಪಿದೆಯೋ ಇಲ್ಲವೋ, ನೀನು ಆ ವರ್ಷ ಹಬ್ಬ ಮುಗಿಸಿ ಹೊರಡುವ ಮುಂಚೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಕೇಳಿದೆ. "ಅತ್ತಿಗೆ, ನನ್ನ ನೈಟ್ ಡ್ಯೂಟಿ ದುಡ್ಡು ಒಂದಿಷ್ಟಿದೆ. ಅಲ್ಲಿ ಬ್ಯಾಂಕಲ್ಲಿ ಸುಮ್ನೆ ಮಲಗಿದೆ. ಇಲ್ಲಿ ಎಲ್ಲಾದ್ರೂ ಹಾಕ್ಕೊಡಿ. ಸೈಟು ಮನೆ ಬೇಡ, ಅದನ್ನ ನೋಡ್ಕೊಳ್ಳೋರು ಯಾರು?"

ನಾನೇ ರಸ್ತೆಯ ಮಾತೆತ್ತಿದ್ದು. ಟೋಲ್ ವಸೂಲಿ ಮಾಡುವ ಹೆದ್ದಾರಿಗಳನ್ನೆಲ್ಲ ಒಂದು ಟ್ರಸ್ಟಿನ ಕೆಳಗೆ ತಂದು, ಅದರ ಪಾಲನ್ನು ಯೂನಿಟ್ಟುಗಳೆಂದು ಮಾರುತ್ತಾರೆ, ಷೇರಿನ ಹಾಗೆ. ವಸೂಲಾದದ್ದರಲ್ಲಿ ಖರ್ಚು ಕಳೆದು ಪಾಲುದಾರರಿಗೆ ಹಂಚುತ್ತಾರೆ. ನೀನು ಕಣ್ಣರಳಿಸಿ, "ಅಂದ್ರೆ ಲಾರಿ ಹೋದಾಗೆಲ್ಲ ನನಗೆ ಕಾಸು ಬರತ್ತಾ? ಸರಿ ಹಾಗಾದ್ರೆ, ನಮ್ಮೂರಿನ ರಸ್ತೇಲಿ ನಂದೂ ಒಂದು ಗೇಣು ಇರ್ಲಿ" ಎಂದೆ. ನಿಮ್ಮಣ್ಣ ನಕ್ಕರು. "ಹೇಮಿ, ಆ ಗೇಣು ಜಾಗದಲ್ಲೇ ಹಳ್ಳ ಬೀಳೋದು ನೋಡು" ಎಂದರು.

ಅಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು. ವಿದೇಶಿ ಪೌರತ್ವದವರು ಇಂಥದ್ದನ್ನು ಕೊಳ್ಳಬಾರದೆಂದೇನೂ ಇಲ್ಲ. ಅನಿವಾಸಿಗಳಿಗೆಂದೇ ಇರುವ ಬ್ಯಾಂಕ್ ಖಾತೆ ತೆರೆದು, ಅದಕ್ಕೆ ಹೊಂದುವ ಡಿಮ್ಯಾಟ್ ಖಾತೆ ತೆರೆದು, ನಿನ್ನ ಹೆಸರಿನಲ್ಲೇ ಕೊಳ್ಳಬೇಕು, ಅಷ್ಟೇ. ಬೇಸರದ ಕೆಲಸ, ಕಷ್ಟದ ಕೆಲಸವಲ್ಲ. ನೀನು ಅಲ್ಲಿ ನೋಟರಿಯ ಮುಂದೆ ಕೂತು ಎಲ್ಲ ಕಾಗದಕ್ಕೂ ಮುದ್ರೆ ಹಾಕಿಸಿ ಕಳಿಸಿದೆ. ರುಜು ಹೊಂದುವುದಿಲ್ಲವೆಂದು ಬ್ಯಾಂಕಿನಿಂದ ವಾಪಸ್ಸು ಬಂತು. ನಿನ್ನ ಹಳೇ ಪ್ಯಾನ್ ಕಾರ್ಡಿನಲ್ಲಿ ಕನ್ನಡದ ರುಜು, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಿನದು. ಮತ್ತೆ ಕಳಿಸಿದೆ. ಮತ್ತೆ ವಾಪಸ್ಸು. ಇನ್ನೊಂದು ಸಲ ಎಲ್ಲವನ್ನೂ ಮೊದಲಿಂದ ಮಾಡಿಸು ಎಂದು ನಿನಗೆ ಹೇಳಬೇಕಿತ್ತು. ನೀನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಬೇಜಾರಾದದ್ದು ನನಗೆ — ಊರಿನವರ ಲೆಕ್ಕಪತ್ರವನ್ನೆಲ್ಲ ಸರಿಮಾಡಿಕೊಡುವ ಆಡಿಟರಮ್ಮನ ಕೈಯಲ್ಲಿ ನಾದಿನಿಯ ಒಂದು ಖಾತೆ ತೆರೆಸಲಾಗಲಿಲ್ಲ ಎಂಬುದು.

ಅಷ್ಟರಲ್ಲಿ ನೀನು ಹಣವನ್ನು ನನ್ನ ಖಾತೆಗೇ ಕಳಿಸಿಯಾಗಿತ್ತು. ನಾನು ನನ್ನ ಹೆಸರಿನಲ್ಲೇ ಕೊಂಡುಬಿಟ್ಟೆ.

ನಮ್ಮ ಕಡೆ ಇದು ಹೊಸದೇನಲ್ಲ. ಹೆಣ್ಣುಮಕ್ಕಳ ಚಿನ್ನ ತವರಿನ ಲಾಕರಿನಲ್ಲಿರುತ್ತದೆ, ಭಾವನ ಸೈಟು ಭಾಮೈದನ ಹೆಸರಿನಲ್ಲಿರುತ್ತದೆ. ಕೇಳಿದರೆ "ಹೆಸರಿಗೆ ಮಾತ್ರ ಬಿಡಿ, ಮನೆಯವರೇ ತಾನೆ" ಎನ್ನುತ್ತೇವೆ. ಬೇರೆಯವರು ಹೀಗೆ ಮಾಡಿಕೊಂಡು ನನ್ನ ಮುಂದೆ ಬಂದು ಕೂತಾಗ ಅವರ ಮುಖದ ನೀರಿಳಿಸಿ ಕಳಿಸಿದ್ದೇನೆ. ಒಬ್ಬರ ದುಡ್ಡಿನಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಕೊಂಡರೆ ಅದಕ್ಕೆ ಬೇನಾಮಿ ಅನ್ನುತ್ತಾರೆ, ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು, ಜೈಲೂ ಆಗಬಹುದು ಎಂದು ಬೆರಳೆತ್ತಿ ಹೇಳಿದವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನಿನಗೆ ಫೋನ್ ಮಾಡಿ "ಆಯ್ತು ಹೇಮಾ, ತೊಗೊಂಡೆ" ಎಂದೆ. ಯಾರ ಹೆಸರಿನಲ್ಲಿ ಎಂದು ಹೇಳಲಿಲ್ಲ. ನೀನು ಕೇಳಲಿಲ್ಲ. ಕೇಳದೇ ಇರುವಷ್ಟು ನಂಬಿದ್ದೆ.

ಹಣ ಬರತೊಡಗಿದಾಗ ಅದನ್ನು ನಿನಗೆ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆ ಬಂತು. ನಿನ್ನದೆಂದು ಕಳಿಸಲು ಬಾರದು, ಅದು ನನ್ನ ಹೆಸರಿನ ಆದಾಯ. ಆಗ ನನಗೊಂದು ಬುದ್ಧಿವಂತಿಕೆ ಹೊಳೆಯಿತು — ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ. ವರ್ಷದ್ದನ್ನೆಲ್ಲ ಒಟ್ಟು ಮಾಡಿ, ಗೌರಿ ಹಬ್ಬಕ್ಕೆ ತವರಿನ ಉಡುಗೊರೆ ಎಂದು ಕಳಿಸಿದೆ. ತವರಿನಿಂದ ಹೆಣ್ಣುಮಗಳಿಗೆ ಅರಿಶಿನ ಕುಂಕುಮದ ದುಡ್ಡು. ಯಾವ ದೇಶದವನು ಅದಕ್ಕೆ ತೆರಿಗೆ ಕೇಳುತ್ತಾನೆ? ನೀನು ಒಮ್ಮೆ ಅನುಮಾನದಿಂದಲೇ ಕೇಳಿದ್ದೆ: "ಅತ್ತಿಗೆ, ಇಲ್ಲಿ ನಮ್ಮ ವರ್ಷ ಜೂನಿಗೆ ಮುಗಿಯತ್ತೆ. ಹೊರದೇಶದ ಆದಾಯನೂ ತೋರಿಸ್ಬೇಕಂತೆ. ಆ ರಸ್ತೆದು ತೋರಿಸ್ಬೇಕಾ?"

"ಇಲ್ಲಿ ಕಟ್ಟಿಯಾಗಿದೆ ಕಣೇ. ಕೈಗೆ ಬರೋದು ತವರಿನ ಉಡುಗೊರೆ, ಅದಕ್ಕೇನು ತೆರಿಗೆ? ನೀನು ತಲೆ ಕೆಡಿಸ್ಕೋಬೇಡ" ಎಂದೆ.

ಇದಕ್ಕಿಂತ ದೊಡ್ಡ ಸುಳ್ಳನ್ನು ನಾನು ಯಾವ ಕಕ್ಷಿದಾರರಿಗೂ ಹೇಳಿಲ್ಲ. ನೀನು ಅಲ್ಲಿಯ ನಿವಾಸಿ. ಲೋಕದ ಯಾವ ಮೂಲೆಯಿಂದ ಬಂದರೂ ನಿನ್ನ ಆದಾಯವನ್ನು ಅಲ್ಲಿ ತೋರಿಸಲೇಬೇಕು. ನಿನ್ನ ಹೆಸರಿನಲ್ಲಿ ಕೊಂಡಿದ್ದರೆ ಇಲ್ಲಿ ಒಂದು ಸಣ್ಣ ತೆರಿಗೆ ಕಡಿತ ಆಗುತ್ತಿತ್ತು. ಅಲ್ಲಿ ಪೂರ್ತಿ ತೋರಿಸಿ, ಇಲ್ಲಿ ಕಟ್ಟಿದ್ದನ್ನು ಅಲ್ಲಿಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. ಎರಡು ದೇಶಗಳು ಕೂತು ಒಪ್ಪಂದ ಮಾಡಿಕೊಂಡಿರುವುದೇ ಅದಕ್ಕೆ. ಇನ್ನೂ ಒಂದು ವಿಷಯವಿದೆ, ಅದನ್ನಂತೂ ನಿನಗೆ ಯಾವತ್ತೂ ಹೇಳಿರಲಿಲ್ಲ. ಟ್ರಸ್ಟು ಹಂಚುವ ಹಣವೆಲ್ಲ ಲಾಭವಲ್ಲ. ಒಂದು ಪಾಲು ಬಡ್ಡಿ, ಒಂದು ಪಾಲು ಡಿವಿಡೆಂಡು, ಮತ್ತೊಂದು ಪಾಲು ನೀನು ಹಾಕಿದ ಅಸಲೇ ಚೂರು ಚೂರಾಗಿ ವಾಪಸ್ಸು ಬರುವುದು. ಯಾವುದು ಎಷ್ಟು ಎಂದು ಅವರು ಪ್ರತಿ ಸಲವೂ ಬಿಡಿಸಿ ಕಳಿಸುತ್ತಾರೆ. ನನಗೆ ಕಳಿಸುತ್ತಾರೆ.

ಆಮೇಲೆ ಅಲ್ಲಿಯ ತೆರಿಗೆ ಇಲಾಖೆಯವರು ನಿನ್ನನ್ನು ಕೇಳಿದರು — ವರ್ಷಕ್ಕೊಮ್ಮೆ ಹೊರದೇಶದಿಂದ ಬರುವ ಈ ದೊಡ್ಡ ಮೊತ್ತ ಏನು ಎಂದು. ಹಾಗೆ ಬರುವ ಹಣವೆಲ್ಲ ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನಾನು ಹೇಳಿಕೊಟ್ಟ ಗಿಳಿಪಾಠವನ್ನು ನೀನು ಒಪ್ಪಿಸಬಹುದಿತ್ತು. ಒಪ್ಪಿಸಲಿಲ್ಲ. ಅಲ್ಲಿ ನಿನ್ನ ತೆರಿಗೆ ಲೆಕ್ಕ ನೋಡುವ ಟ್ಯಾಕ್ಸ್ ಏಜೆಂಟರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದೆ: ಇದು ನನ್ನದೇ ಹೂಡಿಕೆ, ಅತ್ತಿಗೆ ನೋಡಿಕೊಳ್ಳುತ್ತಾರೆ, ತೋರಿಸಬೇಕೆಂದು ನನಗೆ ಗೊತ್ತಿರಲಿಲ್ಲ. ಅವರು, "ಹಂಗಾದ್ರ ಅತ್ತಿಗೆಯವರ ಕಡೆಯಿಂದ ಒಂದ್ ಮಾತು ಕೇಳೂಣ್ರಿ" ಎಂದರಂತೆ. ಹುಬ್ಬಳ್ಳಿ ಕಡೆಯವರು, ಒಳ್ಳೆಯ ಮನುಷ್ಯ.

ಭಾನುವಾರ ಬೆಳಗ್ಗೆ ಫೋನ್ ಬಂತು. ನೀನೇ ಮೊದಲು ಮಾತಾಡಿ, "ಅತ್ತಿಗೆ, ಸರ್ ಲೈನಲ್ಲಿದಾರೆ, ನಾನೂ ಇರ್ತೀನಿ. ಇದ್ದಿದ್ದು ಹೇಳ್ಬಿಡಿ ಸಾಕು" ಎಂದೆ. ಅವರು ಕೇಳಿದರು. "ಮೇಡಂ, ಈ ರೊಕ್ಕ ಹೇಮಾ ಅವರದ ಹೌದೇನ್ರಿ? ನೀವು ಅವರ ಸಲುವಾಗಿ ನಿಮ್ಮ ಹೆಸರಿನ್ಯಾಗ ಇಟ್ಕೊಂಡೀರೇನ್ರಿ? ನೀವು ಹೌದಂದ್ರ ಬರಕೊಂಡು ಮುಂದಿಂದು ನೋಡ್ತೀನಿ."

ಬರೆದುಕೊಳ್ಳುತ್ತೇನೆ ಎಂದದ್ದೇ ನನಗೆ ಸಾಕಾಯಿತು. ಬೇನಾಮಿ ಎಂಬ ಪದ ಕಣ್ಣ ಮುಂದೆ ಬಂತು. ಅಲ್ಲಿ ಬರೆದದ್ದು ಇಲ್ಲಿಗೆ ಬರುತ್ತದೆ, ನನ್ನ ಲೈಸೆನ್ಸು, ನನ್ನ ಮುಂದಿನ ಕೋಣೆ, ಹೊರಗೆ ನೇತುಹಾಕಿದ ಬೋರ್ಡು — ಒಂದೇ ಉಸಿರಿನಲ್ಲಿ ಇಷ್ಟೂ ಹೊಳೆಯಿತು. ನೀನು ಹೊಳೆಯಲಿಲ್ಲ ಹೇಮಾ. ಅದನ್ನೇ ಹೇಳಬೇಕು ನಾನು. ನಿನ್ನನ್ನು ತೂಗಿ ನೋಡಿ, ಬೇಕೆಂದು ಕೈಬಿಟ್ಟೆ ಎಂದರೆ ಅದಕ್ಕೂ ಒಂದು ಮರ್ಯಾದೆ ಇರುತ್ತಿತ್ತು. ನಿನ್ನ ನೆನಪೇ ಆಗಲಿಲ್ಲ.

"ಇಲ್ಲ" ಎಂದೆ. "ಅವಳದು ಅಂತ ಇಲ್ಲಿ ಏನೂ ಇಲ್ಲ. ಹಬ್ಬಕ್ಕೆ ನಾವು ಕೊಡೋ ಉಡುಗೊರೆ ಅದು."

ಆ ಕಡೆಯಿಂದ ನೀನು, "ಸರಿ ಅತ್ತಿಗೆ" ಎಂದೆ.

ಆ ಎರಡು ಮಾತು — ಸಿಟ್ಟಿಲ್ಲ, ಅಳುವಿಲ್ಲ. ವಾರ್ಡಿನಲ್ಲಿ ರೋಗಿಯ ಹತ್ತಿರ ಮಾತಾಡುವ ಹಾಗೆ. ಬೈದಿದ್ದರೆ ನಾನೂ ಬೈದು ಜಗಳ ಆಡಿ, ಆ ಜಗಳದಲ್ಲಾದರೂ ನಿಜ ಬಾಯಿಗೆ ಬರುತ್ತಿತ್ತೇನೋ...

ಫೋನಿಟ್ಟಾಗ ನಿಮ್ಮಣ್ಣ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಕಾಫಿ ಲೋಟ. "ಏನಂತೆ ಹೇಮಿ?" ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರೇನೂ ಕೇಳದೇ ಇದ್ದದ್ದಕ್ಕೂ ನಾನು ಉತ್ತರ ಕೊಟ್ಟೆ. "ನಮ್ಮ ಯೂನಿಟ್ಟುಗಳು ಅವಳದು ಅಂತ ನಾನು ಹೇಳ್ಬೇಕಂತೆ. ಅಷ್ಟು ವರ್ಷದ ಉಡುಗೊರೆ ಸಾಲದಾಯ್ತು ಅವಳಿಗೆ." ಹೂಡಿಕೆಯ ವ್ಯವಹಾರವೆಲ್ಲ ನನ್ನದು. ಅಡುಗೆಮನೆಯಲ್ಲಿ ನೀನು ಮಾತೆತ್ತಿದ್ದು ಗೊತ್ತಿತ್ತೇ ಹೊರತು, ಹಣ ಕಳಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಖಾತೆ ಆಗಲಿಲ್ಲ, ಬಿಟ್ಟುಬಿಟ್ಟಳು ಎಂದು ನಾನೇ ಹಿಂದೆ ಹೇಳಿದ್ದೆ. ಅವರು, "ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?" ಎಂದು ಒಳಗೆ ಹೋದರು. ಒಂದೇ ತಂಗಿ ಅವರಿಗೆ. ಆ ವರ್ಷದಿಂದ ಅವರು ನಿನಗೆ ಫೋನ್ ಮಾಡಲಿಲ್ಲ. ಯಾಕೆಂದು ಕೇಳಿದ ನೆಂಟರಿಗೂ ನಾನು ಅದೇ ಮಾತು ಹೇಳಿದೆ.

ಅಲ್ಲಿ ನಿನಗೇನಾಯಿತು ಎನ್ನುವುದನ್ನು ನಾನು ಊಹಿಸಬಲ್ಲೆ, ನನ್ನ ಕಸುಬೇ ಅದು. ನೀನು ಒಂದು ಹೇಳಿದ್ದೆ, ನಾನು ಇನ್ನೊಂದು ಹೇಳಿದ್ದೆ. ಉಡುಗೊರೆ ಎಂದು ತಲೆಯಾಡಿಸಿದ್ದರೆ ನಿನಗೆ ಒಂದು ಕಾಸಿನ ಖರ್ಚೂ ಆಗುತ್ತಿರಲಿಲ್ಲ. ನೀನು ನಿಜವನ್ನೇ ಹಿಡಿದು ನಿಂತೆ. ನನಗೆ ಹಣ ಕಳಿಸಿದ ಚೀಟಿ ಬಿಟ್ಟರೆ, ಅದರಲ್ಲಿ ಯೂನಿಟ್ಟು ಕೊಂಡದ್ದಕ್ಕೆ ನಿನ್ನ ಕೈಯಲ್ಲಿ ಒಂದು ಪುರಾವೆಯಿಲ್ಲ. ಬಂದ ಹಣವನ್ನೆಲ್ಲ ಆದಾಯ ಎಂದು ಒಪ್ಪಿಕೊಂಡೆ. ಅದರಲ್ಲಿ ನಿನ್ನ ಅಸಲು ಎಷ್ಟು ಎಂದು ಬಿಡಿಸಿ ತೋರಿಸಲು ಆಗಲಿಲ್ಲ. ನಿನ್ನದೇ ದುಡ್ಡು ನಿನಗೆ ವಾಪಸ್ಸು ಬಂದದ್ದಕ್ಕೂ ತೆರಿಗೆ ಕಟ್ಟಿದೆ, ದಂಡ ಕಟ್ಟಿದೆ. ಇಲ್ಲಿ ಕಟ್ಟಿದ್ದನ್ನು ಕಳೆಯೋಣವೆಂದರೆ ಅದು ನನ್ನ ಹೆಸರಿನಲ್ಲಿ ಕಟ್ಟಿದ್ದು. ನಿನ್ನ ಮನೆಯವರು ನಿನ್ನನ್ನು ಏನು ಕೇಳಿದರೋ, ತವರಿನಲ್ಲಿ ಹಣ ಬಚ್ಚಿಟ್ಟಿದ್ದೀಯ ಎಂದರೋ, ಅದು ನನಗೆ ಗೊತ್ತಿಲ್ಲ.

ನಾನೇನು ಮಾಡಿದೆ ಗೊತ್ತೇ? ಉಡುಗೊರೆ ಕಳಿಸುವುದನ್ನು ನಿಲ್ಲಿಸಿದೆ. ಕಳಿಸಿದರೆ ಒಪ್ಪಿಕೊಂಡ ಹಾಗಾಗುತ್ತದೆ ಎಂದು. ಹಣ ನನ್ನ ಖಾತೆಯಲ್ಲೇ ಸೇರುತ್ತಾ ಹೋಯಿತು. ಮುಟ್ಟಬಾರದು ಎಂದುಕೊಂಡೇ ಇದ್ದೆ. ಆಮೇಲೆ ಒಂದು ವರ್ಷ ಮುಂದಿನ ಕೋಣೆಗೆ ಗ್ರಾನೈಟ್ ಹಾಕಿಸಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬಂದವರೆಲ್ಲ ಕಲ್ಲು ಚೆನ್ನಾಗಿದೆ ಎಂದರು. ನಾನೂ ಹೌದು ಎಂದೆ.

ನನ್ನೊಳಗೆ ಒಂದು ಸಮಾಧಾನ ಕಟ್ಟಿಕೊಂಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ನಿಜ ಹೇಳಿದರೆ ಯೂನಿಟ್ಟುಗಳನ್ನು ಸರ್ಕಾರ ಹಿಡಿದುಕೊಳ್ಳುತ್ತದೆ, ಹೇಮಳಿಗೇ ನಷ್ಟ, ಅವಳ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದು. ಕಾನೂನಿನ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ನಿನ್ನ ಒಳ್ಳೆಯದನ್ನು ನಿನ್ನನ್ನು ಕೇಳಿ ತೀರ್ಮಾನ ಮಾಡಬೇಕಿತ್ತಲ್ಲ — ನಾನು ಒಂದು ಸಲವೂ ಕೇಳಲಿಲ್ಲ.

ಹೋದ ತಿಂಗಳು ಮಲ್ಲೇಶ್ವರದಲ್ಲಿ ನೆಂಟರೊಬ್ಬರ ಮನೆಯ ಮದುವೆ. ನೀನು ಬಂದಿದ್ದೆ. ಸಂಪಿಗೆ ರಸ್ತೆಯ ಹತ್ತಿರ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿದ್ದೀಯ ಎಂದು ಯಾರೋ ಹೇಳಿದರು. ಹುಟ್ಟಿ ಬೆಳೆದ ಊರಿನಲ್ಲಿ, ಅಣ್ಣನ ಮನೆ ಇಷ್ಟು ಹತ್ತಿರ ಇರುವಾಗ, ನೀನು ಲಾಡ್ಜಿನಲ್ಲಿ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದವರು ದನಿ ತಗ್ಗಿಸಿ, "ತವರಿನ ಆಸ್ತಿ ಮೇಲೇ ಕಣ್ಣು ಹಾಕಿದ್ಲಂತಲ್ಲ, ಡಾಲರ್ ಸಾಲದಾಯ್ತೇನೋ" ಎಂದರು. ನಾನು ಇಲ್ಲ ಎನ್ನಲಿಲ್ಲ. "ಹೋಗ್ಲಿ ಬಿಡಿ" ಎಂದು, ದೊಡ್ಡ ಮನಸ್ಸಿನವಳ ಹಾಗೆ, ಕೋಸಂಬರಿ ಕಲೆಸಿಕೊಂಡು ತಿಂದೆ.

ನೀನು ಅಣ್ಣನಿಗೆ ನಮಸ್ಕಾರ ಮಾಡಲು ಬಂದೆ. ಅವರು ಯಾರನ್ನೋ ಮಾತಾಡಿಸುವ ನೆಪ ಮಾಡಿ ಆ ಕಡೆ ತಿರುಗಿದರು. ಬಗ್ಗಿದ್ದವಳು ಎದ್ದು, ಸೆರಗು ಸರಿಮಾಡಿಕೊಂಡು, ನನ್ನ ಹತ್ತಿರ ಬಂದೆ. ಈಗ ಹೇಳುತ್ತಾಳೆ, ಎಲ್ಲರ ಮುಂದೆ ಹೇಳುತ್ತಾಳೆ ಎಂದುಕೊಂಡೆ.

"ಅತ್ತಿಗೆ, ಅಣ್ಣನ ಶುಗರ್ ಹೇಗಿದೆ? ಕಾಲು ಊದಿರೋ ಹಾಗಿದೆ, ಡಾಕ್ಟ್ರಿಗೆ ತೋರಿಸಿ" ಎಂದೆ. ಅಷ್ಟೇ. ಹೊರಟುಹೋದೆ.

ಅವರ ಕಾಲು ಊದಿದ್ದನ್ನು ಅದೇ ಮನೆಯಲ್ಲಿರುವ ನಾನು ನೋಡಿರಲಿಲ್ಲ.

ಮಾರನೆಯ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ವಾಪಸ್ಸು ಬಂದು, ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಹೇಳಿದೆ. ಕೂರಿಸಿ, ಸಮಯ ನೋಡಿ ಹೇಳೋಣವೆಂದು ಕಾದಿದ್ದರೆ ಮತ್ತೆ ಹೇಳುತ್ತಿರಲಿಲ್ಲ. ರುಜು ಹೊಂದದೇ ಹೋದದ್ದು, ನನ್ನ ಹೆಸರಿನಲ್ಲಿ ಕೊಂಡದ್ದು, ಹಬ್ಬದ ಉಡುಗೊರೆಯ ಆಟ, ಆ ಭಾನುವಾರದ ಮಾತು, ಅವರಿಗೆ ನಾನು ಹೇಳಿದ ಸುಳ್ಳು, ಗ್ರಾನೈಟು. ಎಲ್ಲವನ್ನೂ. ಅವರು ಗೋಡೆ ಹಿಡಿದು ನಿಂತೇ ಕೇಳಿದರು. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಹೇಮಿ ನನಗ್ಯಾಕೆ ಹೇಳ್ಲಿಲ್ಲ?"

ನನಗೆ ತಿಳಿದದ್ದು ನಾನು ಹೇಳಿದೆ. "ಹೇಳಿದ್ರೆ ನೀವು ನಂಬ್ತಿದ್ರಾ? ನಂಬಲ್ಲ ಅಂತ ಸುಮ್ಮನಾಗಿರ್ತಾಳೆ."

ಅವರು ನನ್ನ ಮುಖ ನೋಡಿದರು. "ನಂಬ್ತಿದ್ದೆ" ಎಂದರು. "ಹೇಮಿ ಮಾತು ನಾನು ಯಾವತ್ತೂ ಇಲ್ಲ ಅಂದೋನಲ್ಲ. ನಂಬ್ತೀನಿ ಅಂತ ಗೊತ್ತಿದ್ದೇ ಅವಳು ಹೇಳ್ಲಿಲ್ಲ. ಹೇಳಿದ್ರೆ ನೀನು ಈ ಮನೇಲಿ ಹೇಗಿರ್ತಿದ್ದೆ?"

ನೀನು ನಿನ್ನ ತವರನ್ನು ಕಳೆದುಕೊಂಡು ನನ್ನ ಮನೆಯನ್ನು ಉಳಿಸಿದ್ದೆ. ಅದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ ಹೇಮಾ. ನೀನು ಪುರಾವೆಯಿಲ್ಲದೆ ಸುಮ್ಮನಾದೆ, ನಾನು ಗೆದ್ದೆ ಎಂದೇ ತಿಳಿದಿದ್ದೆ.

ಈಗ ಮಾಡಿದ್ದನ್ನು ಹೇಳುತ್ತೇನೆ, ಮುಂದೆ ಮಾಡುವುದನ್ನೂ. ಯೂನಿಟ್ಟುಗಳು ನಿನ್ನ ಹಣದಲ್ಲಿ ಕೊಂಡವು, ಮೊದಲ ದಿನದಿಂದ ನಿನ್ನವೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಟ್ಟಿದ್ದೇನೆ. ಅದು ನಿನ್ನ ಏಜೆಂಟರಿಗೆ ಹೋಗಿದೆ. ಯಾವುದು ಬಡ್ಡಿ, ಯಾವುದು ನಿನ್ನ ಅಸಲು ಎಂಬ ವಿವರವೂ ಜೊತೆಗಿದೆ. ಹಳೆಯ ಲೆಕ್ಕ ತಿದ್ದಲು ಅಲ್ಲಿ ಇನ್ನೂ ಅವಕಾಶವಿದೆಯೋ ಇಲ್ಲವೋ, ಅವರೇ ನೋಡಬೇಕು. ಇಲ್ಲಿಯ ಇಲಾಖೆಗೂ ನಾನೇ ಹೋಗಿ ಹೇಳುತ್ತೇನೆ. ಅವರು ಮುಟ್ಟುಗೋಲು ಹಾಕಿಕೊಂಡರೆ, ಅಷ್ಟು ಹಣವನ್ನು ನನ್ನ ಪಾಲಿನ ಆಸ್ತಿ ಮಾರಿ ಕೊಡುತ್ತೇನೆ. ಹೊರಗಿನ ಬೋರ್ಡನ್ನು ಇಳಿಸಿದ್ದೇನೆ. ಇದರಲ್ಲಿ ತ್ಯಾಗ ಏನೂ ಇಲ್ಲ, ಮಾಡಿದ್ದುಣ್ಣೋ ಮಹರಾಯ, ಅಷ್ಟೇ. ನಿನ್ನನ್ನು ಆಸೆಬುರುಕಿ ಎಂದುಕೊಂಡವರು ಇದನ್ನು ಓದಿ ಆ ಮಾತನ್ನು ನನ್ನ ಹೆಸರಿಗೆ ಬರೆದುಕೊಳ್ಳಲಿ.

ಕ್ಷಮಿಸು ಎನ್ನುವುದಿಲ್ಲ. ಹಾಗೆಂದರೆ ನೀನು ಮತ್ತೆ "ಸರಿ ಅತ್ತಿಗೆ" ಎಂದುಬಿಡುತ್ತೀಯ ಎಂದು ನನಗೆ ಭಯ.

ನಿಮ್ಮಣ್ಣ ದಿನವೂ ಫೋನ್ ಕೈಗೆ ತೆಗೆದುಕೊಳ್ಳುತ್ತಾರೆ, ನಿನ್ನ ಹೆಸರಿನವರೆಗೆ ಹೋಗುತ್ತಾರೆ, ಮುಖ ತಿರುಗಿಸಿಕೊಂಡವನು ಯಾವ ಬಾಯಲ್ಲಿ ಮಾತಾಡಲಿ ಎಂದು ಕೆಳಗಿಡುತ್ತಾರೆ. ಇವತ್ತೋ ನಾಳೆಯೋ ಮಾಡಿಯೇ ಮಾಡುತ್ತಾರೆ. ಅವರು ಮಾಡಿದರೆ ಎತ್ತು ಹೇಮಾ. ನಾನು ಮಾಡಿದರೆ ಎತ್ತಬೇಡ.